ಗುರುವಾರ ಸಂಜೆ ನಮ್ಮ ಮನೆಯ ಪಾಠ

ಊರಿಂದ ಫೋನ್ ಮಾಡುವವರು ಕೇಳುವುದು ಯುದ್ಧ ಹೇಗಿದೆ, ಸಂಬಳ ಸರಿಯಾಗಿ ಬರ್ತಾ ಇದೆಯಾ, ಊಟಕ್ಕೆ ಏನು ಮಾಡ್ತೀಯಾ, ಅಷ್ಟೇ. ಜೆರುಸಲೇಮಿನಲ್ಲಿ ವಯಸ್ಸಾದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿ ಇನ್ನೇನಿರುತ್ತದೆ ಅಂತ ಅವರಿಗೂ ಅನ್ನಿಸಬೇಕು. ಮಂಗಳೂರು, ಉಡುಪಿ ಕಡೆಯಿಂದ ಇದೇ ಕೆಲಸಕ್ಕೆ ಬಂದವರು ಇಸ್ರೇಲಿನಲ್ಲಿ ತುಂಬಾ ಜನ ಇದ್ದೇವೆ, ಎಲ್ಲರ ಮನೆಯವರೂ ಇದನ್ನೇ ಕೇಳುತ್ತಾರೆ. ಆದರೆ ನಾನಿರುವ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ, ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಇಲ್ಲಿ ಪ್ರತಿ ವಾರಕ್ಕೂ ಒಂದು ಹೆಸರಿದೆ. ತಾರೀಕು ಕೇಳಿದರೆ ಅಜ್ಜಿ ಕ್ಯಾಲೆಂಡರ್ ನೋಡಬೇಕು, ಆದರೆ ಈ ವಾರ ಯಾವ ಪರಶಾ ಅಂದರೆ ನಿದ್ದೆಯಲ್ಲೂ ಹೇಳುತ್ತಾರೆ.

ಪರಶಾ ಅಂದರೆ ಆ ವಾರ ಯೆಹೂದಿಗಳು ಓದಬೇಕಾದ ತೋರಾದ ಭಾಗ. ತೋರಾ ಅಂದರೆ ಮೋಶೆಯ ಐದು ಪುಸ್ತಕ, ನಮ್ಮ ಕನ್ನಡ ಸತ್ಯವೇದದಲ್ಲಿ ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗೆ. ಅದನ್ನು 54 ಭಾಗ ಮಾಡಿದ್ದಾರೆ. ಒಂದು ವರ್ಷದಲ್ಲಿ ಓದಿ ಮುಗಿಸಬೇಕು, ಸಿಮ್ಹಾತ್ ತೋರಾ ಹಬ್ಬದ ದಿನ ಕೊನೆಯ ಸಾಲು ಓದಿದ ಕೂಡಲೇ ಮತ್ತೆ "ಆದಿಯಲ್ಲಿ" ಅಂತ ಶುರು, ನಡುವೆ ಒಂದು ದಿನದ ಬಿಡುವೂ ಇಲ್ಲ. ಅವರ ವರ್ಷ ಚಂದ್ರನ ಲೆಕ್ಕದ್ದು, 19 ವರ್ಷಕ್ಕೆ 7 ಸಲ ಅಧಿಕ ಮಾಸ ಬರುತ್ತದೆ, ಹಾಗಾಗಿ ಕೆಲವು ವರ್ಷ ವಾರಗಳು ಜಾಸ್ತಿ, ಕೆಲವು ವರ್ಷ ಕಡಿಮೆ. ಕಡಿಮೆ ಇದ್ದಾಗ ಎರಡೆರಡು ಪರಶಾ ಸೇರಿಸಿ ಓದುತ್ತಾರೆ. ಶನಿವಾರ ಬೆಳಿಗ್ಗೆ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಪೂರ್ತಿ ಭಾಗ, ಏಳು ಜನರನ್ನು ಒಬ್ಬೊಬ್ಬರಾಗಿ ಮೇಲೆ ಕರೆದು. ಅದೇ ದಿನ ಮಧ್ಯಾಹ್ನ ಮುಂದಿನ ವಾರದ ಮೊದಲ ತುಣುಕು, ಮತ್ತೆ ಸೋಮವಾರ, ಗುರುವಾರ ಅದೇ ತುಣುಕು. ಸೋಮವಾರ, ಗುರುವಾರವೇ ಯಾಕೆ ಅಂದರೆ ಹಿಂದೆ ಅವು ಸಂತೆಯ ದಿನಗಳು, ಹಳ್ಳಿಯವರೆಲ್ಲ ಪೇಟೆಗೆ ಬರುತ್ತಿದ್ದರು. ತೋರಾ ಇಲ್ಲದೆ ಮೂರು ದಿನ ಕಳೆಯಬಾರದು ಅಂತ ಹಳೆಯ ಕಾಲದ ಧರ್ಮಶಾಸ್ತ್ರಿ ಎಜ್ರನು ಮಾಡಿದ ಏರ್ಪಾಡು ಅಂತಲೂ ಹೇಳುತ್ತಾರೆ.

ನಾನು ಅಜ್ಜಿಯನ್ನು ಸಾವ್ತಾ ಅಂತ ಕರೆಯುತ್ತೇನೆ, ಹೀಬ್ರೂವಿನಲ್ಲಿ ಅಜ್ಜಿಗೆ ಹಾಗೇ ಹೇಳುವುದು. ಅವರ ಕಣ್ಣು ಮಂಜಾಗಿದೆ, ದೊಡ್ಡ ಅಕ್ಷರವೂ ಕಾಣುವುದಿಲ್ಲ. ಮೊದಲೆಲ್ಲ ಮೊಮ್ಮಗ ಬಂದು ಓದಿ ಹೇಳುತ್ತಿದ್ದ, ಅವನು ಸೈನ್ಯಕ್ಕೆ ಹೋದ ಮೇಲೆ ಆ ಕೆಲಸ ನನಗೆ ಬಂತು. ಗುರುವಾರ ಸಂಜೆ ಮಾತ್ರೆ ಕೊಟ್ಟು, ಕಾಲಿಗೆ ಎಣ್ಣೆ ಹಚ್ಚಿ, ಟೇಬಲ್ ಹತ್ತಿರ ಗಾಲಿಕುರ್ಚಿ ತಂದರೆ ಪಾಠ ಶುರು. ನಾನು ಸ್ವರಚಿಹ್ನೆ ಇರುವ ಪುಸ್ತಕದಿಂದ ಅಕ್ಷರ ಅಕ್ಷರ ಕೂಡಿಸಿ ಹೀಬ್ರೂ ಓದುತ್ತೇನೆ, ಅವರಿಗೆ ಬಾಯಿಪಾಠ, ಒಂದು ಸ್ವರ ಎಡವಿದರೂ ಸಾಕು, ತಕ್ಷಣ ತಿದ್ದುತ್ತಾರೆ. ಸಿನಗಾಗ್‌ನಲ್ಲೂ ಹೀಗೇ. ಅಲ್ಲಿನ ಚರ್ಮದ ಸುರುಳಿಯಲ್ಲಿ ಸ್ವರಚಿಹ್ನೆ ಇಲ್ಲ, ರಾಗದ ಗುರುತೂ ಇಲ್ಲ, ಓದುವವನು ಎಲ್ಲವನ್ನೂ ಮನೆಯಲ್ಲಿ ಕಲಿತೇ ಬರಬೇಕು, ತಪ್ಪು ಓದಿದರೆ ಕೂತವರೆಲ್ಲ ಒಟ್ಟಿಗೆ ಗಟ್ಟಿಯಾಗಿ ಸರಿ ಉಚ್ಚಾರ ಕೂಗುತ್ತಾರೆ. 13 ತುಂಬಿದ ಹುಡುಗ ಮೊದಲ ಸಲ ಓದುವಾಗಲೂ ಬಿಡುವುದಿಲ್ಲ! ಆಮೇಲೆ ಅದೇ ಜನ ಅವನ ಮೇಲೆ ಚಾಕೊಲೇಟು, ಮಿಠಾಯಿ ಎಸೆಯುತ್ತಾರೆ. ಸುರುಳಿಯಲ್ಲಿ 3,04,805 ಅಕ್ಷರಗಳಿವೆ, ಒಂದು ಅಕ್ಷರ ಅಳಿಸಿದ್ದು ಕಂಡರೂ ಆ ಸುರುಳಿ ಒಳಗೆ ಇಟ್ಟು ಬೇರೆ ತರಬೇಕು.

ನನಗೆ ಈ ಕಥೆಗಳು ಹೊಸವಲ್ಲ. ನಮ್ಮದು ಬಾಸೆಲ್ ಮಿಶನ್ ಕುಟುಂಬ, 1834ರಲ್ಲಿ ಮಂಗಳೂರಿಗೆ ಬಂದ ಜರ್ಮನ್, ಸ್ವಿಸ್ ಪಾದ್ರಿಗಳ ಕಾಲದ ಸಭೆ. ಭಾನುವಾರದ ಶಾಲೆಯಲ್ಲಿ ನೋಹ, ಅಬ್ರಹಾಮ, ಯೋಸೇಫನ ಬಣ್ಣದ ಅಂಗಿ ಎಲ್ಲ ಕೇಳಿ ಬೆಳೆದವಳು. ಆದರೆ ನಮಗೆ ಕಥೆ ಹೇಳಿ ಕೊನೆಗೆ ನೀತಿ ಹೇಳುತ್ತಿದ್ದರು, ಮುಗೀತು. ಇಲ್ಲಿ ಸಾವ್ತಾ ಒಂದು ವಚನ ಓದಿಸಿ "ಇದರಲ್ಲಿ ಏನು ಸರಿ ಇಲ್ಲ?" ಅಂತ ಕೇಳುತ್ತಾರೆ. ದೇವರ ಮಾತಿನಲ್ಲಿ ಏನು ಸರಿ ಇಲ್ಲ ಅಂತ ಹುಡುಕುವುದು ನನಗೆ ಬಹಳ ಕಾಲ ಭಯವೇ ಆಗುತ್ತಿತ್ತು.

ಈ ಚಟ ಅವರಿಗೆ ಬಂದದ್ದು ರಶಿಯಿಂದ. ರಶಿ 1040ರಿಂದ 1105ರವರೆಗೆ ಬದುಕಿದ್ದ, ಫ್ರಾನ್ಸಿನ ಟ್ರ್ವಾ ಊರಿನವನು, ತೋರಾದ ಪುಸ್ತಕ ಎಲ್ಲೇ ತೆರೆದರೂ ವಚನದ ಕೆಳಗೆ ಅವನ ವ್ಯಾಖ್ಯಾನ ಬೇರೆ ರೀತಿಯ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಆ ಅಕ್ಷರಕ್ಕೆ ರಶಿ ಲಿಪಿ ಅಂತಲೇ ಹೆಸರು, ಆದರೆ ಅವನು ಹಾಗೆ ಬರೆದವನಲ್ಲ, ಮುದ್ರಕರು ವಚನಕ್ಕೂ ಟೀಕೆಗೂ ಗೊಂದಲ ಆಗದಿರಲಿ ಅಂತ ಆರಿಸಿದ್ದು. ರಶಿ ಪ್ರಶ್ನೆ ಬರೆಯುವುದಿಲ್ಲ, ಬರೀ ಉತ್ತರ ಬರೆಯುತ್ತಾನೆ. ಹಾಗಾಗಿ ಓದುವವರು ಹಿಂದಕ್ಕೆ ಹೋಗಿ, ಇವನಿಗೆ ಇಲ್ಲಿ ಏನು ಕಷ್ಟ ಆಯಿತು, ಯಾಕೆ ಬಾಯಿ ತೆರೆದ ಅಂತ ಕಂಡುಹಿಡಿಯಬೇಕು. ನೋಹನು ತನ್ನ ಕಾಲದವರಲ್ಲಿ ನೀತಿವಂತ ಅಂತ ಇದೆಯಲ್ಲ, "ತನ್ನ ಕಾಲದವರಲ್ಲಿ" ಅಂತ ಸೇರಿಸುವ ಅಗತ್ಯ ಏನಿತ್ತು? ರಶಿ ಎರಡು ಅಭಿಪ್ರಾಯ ಕೊಡುತ್ತಾನೆ. ಅಂಥ ಕೆಟ್ಟ ಕಾಲದಲ್ಲೇ ಒಳ್ಳೆಯವನಾಗಿದ್ದ, ಒಳ್ಳೆಯ ಕಾಲದಲ್ಲಿದ್ದರೆ ಇನ್ನೂ ಒಳ್ಳೆಯವನಾಗುತ್ತಿದ್ದ ಅಂತ ಕೆಲವರು. ಆ ಕೆಟ್ಟವರ ನಡುವೆ ಎದ್ದು ಕಂಡ ಅಷ್ಟೇ, ಅಬ್ರಹಾಮನ ಕಾಲದಲ್ಲಿದ್ದರೆ ಯಾರೂ ಲೆಕ್ಕಕ್ಕೆ ತಗೊಳ್ಳುತ್ತಿರಲಿಲ್ಲ ಅಂತ ಇನ್ನು ಕೆಲವರು. ಯಾವುದು ಸರಿ ಅಂತ ರಶಿ ಹೇಳುವುದಿಲ್ಲ. ಸಾವ್ತಾ ಎರಡನೆಯವರ ಕಡೆ. ನಾನು ನೋಹನ ಕಡೆ, ಸುಮ್ನೆ ಒಬ್ಬನೇ ಕೂತು ಅಷ್ಟು ದೊಡ್ಡ ನಾವೆ ಕಟ್ಟಿದವನನ್ನು ಈಗ ಯಾಕೆ ಬೈಯಬೇಕು ಅಂತ.

ಸಾವ್ತಾ ಹತ್ತಿರ ಒಂದು ಹಳೆಯ ಫೈಲ್ ಇದೆ, ಅದರಲ್ಲಿ ಹಳದಿಯಾದ ಹಾಳೆಗಳು. ನೆಹಾಮಾ ಲೈಬೊವಿಟ್ಸ್ ಅಂತ ಒಬ್ಬ ಟೀಚರ್ ಇದ್ದರು, ರೀಗಾದಲ್ಲಿ 1905ರಲ್ಲಿ ಹುಟ್ಟಿ ಜರ್ಮನಿಯಲ್ಲಿ ಓದಿ ಜೆರುಸಲೇಮಿಗೆ ಬಂದವರು. 1942ರಲ್ಲಿ ಒಟ್ಟಾಗಿ ದುಡಿದು ಬದುಕುವ ಹಳ್ಳಿಗಳಾದ ಕಿಬ್ಬುಟ್ಸ್‌ಗಳ ಕೆಲವು ಹೆಂಗಸರು ರಜೆ ತೆಗೆದುಕೊಂಡು ಅವರ ಹತ್ತಿರ ಕಲಿತರು. ವಾಪಸು ಹೋಗುವಾಗ, ಮನೆಗೆ ಹೋದ ಮೇಲೂ ಓದು ಬಿಟ್ಟುಹೋಗಬಾರದು, ಏನಾದರೂ ಕಳಿಸಿ ಅಂತ ಕೇಳಿದರು. ಅವರು ಆ ವಾರದ ಪರಶಾದ ಮೇಲೆ ಒಂದು ಹಾಳೆ ಪ್ರಶ್ನೆ ಬರೆದು ಅಂಚೆಯಲ್ಲಿ ಕಳಿಸಿದರು. ಅಲ್ಲಿಂದ ಸುಮಾರು 30 ವರ್ಷ ವಾರ ವಾರ ಹಾಳೆ ಹೋಯಿತು, ಕೇಳಿದವರಿಗೆಲ್ಲ. ಉತ್ತರ ಬರೆದು ಕಳಿಸಿದರೆ ಸ್ವತಃ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದರು. ಕಷ್ಟದ ಪ್ರಶ್ನೆಗೆ ಒಂದು ಎಕ್ಸ್, ತುಂಬಾ ಕಷ್ಟದ್ದಕ್ಕೆ ಎರಡು. ಸಾವ್ತಾ ಆಗ ನರ್ಸರಿ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ, ಎರಡು ಎಕ್ಸ್‌ನ ಒಂದು ಪ್ರಶ್ನೆಗೆ ಬರೆದ ಉತ್ತರದ ಪಕ್ಕ ಟೀಚರ್ "ಚೆನ್ನಾಗಿದೆ, ಆದರೆ ವಚನ ಮತ್ತೆ ಓದು" ಅಂತ ಬರೆದಿದ್ದಾರೆ. ಅದನ್ನು ತೋರಿಸುವಾಗ ಈಗಲೂ ಅವರಿಗೆ ಸ್ವಲ್ಪ ಸಿಟ್ಟು ಇದೆ. ನೆಹಾಮಾ 1997ರಲ್ಲಿ ತೀರಿಕೊಂಡರು, ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಜೊತೆ "ಟೀಚರ್" ಅಂತಷ್ಟೇ ಹಾಕಿಸಬೇಕು ಅಂತ ಹೇಳಿ ಹೋಗಿದ್ದರು, ಹಾಗೇ ಹಾಕಿದ್ದಾರೆ. ಅಂಚೆಯಲ್ಲಿ ಪಾಠ ಮಾಡಿದ ಈ ಹೆಂಗಸಿನ ಬಗ್ಗೆ ಗೊತ್ತಾದ ಮೇಲೆ ನನಗೆ ಈ ವಾರದ ಓದಿನ ಮೇಲೆ ಗೌರವ ಜಾಸ್ತಿಯಾಯಿತು, ನಿಜ ಹೇಳಬೇಕಂದರೆ ಸಿನಗಾಗ್ ನೋಡಿ ಅಷ್ಟು ಆಗಿರಲಿಲ್ಲ.

ಒಂದು ಸಲ ಸಾವ್ತಾ ಅವರ ಮಗ ಬಂದಾಗ, ಯೆಹೂದಿ ಅಲ್ಲದವರಿಗೆ ತೋರಾ ಕಲಿಸಬಹುದಾ ಅಂತ ತಾಯಿಯನ್ನು ಕೇಳಿದರು. ನಾನು ಅಲ್ಲೇ ಪಾತ್ರೆ ಒರೆಸುತ್ತಾ ಇದ್ದೆ. ಕೇಳಿದ್ದು ಕೆಟ್ಟ ಮನಸ್ಸಿನಿಂದ ಅಲ್ಲ, ಹಳೆಯ ರಬ್ಬಿಗಳ (ಧರ್ಮಗುರುಗಳ) ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ ಆ ಚರ್ಚೆ ಇದೆಯಂತೆ, ಕಲಿಯಬಾರದು ಅಂತ ಒಬ್ಬ ರಬ್ಬಿ ಹೇಳಿದ್ದಾನೆ. ಸಾವ್ತಾ ತಲೆ ಎತ್ತದೆ, ಅದೇ ಪುಟದಲ್ಲಿ ರಬ್ಬಿ ಮೇಯಿರ್ ಏನು ಹೇಳಿದ್ದಾನೆ ನೋಡು ಅಂದರು. ತೋರಾ ಕಲಿಯುವ ಅನ್ಯಜನಾಂಗದವನೂ ಮಹಾಯಾಜಕನಿಗೆ, ಅಂದರೆ ದೇವಾಲಯದ ದೊಡ್ಡ ಪುರೋಹಿತನಿಗೆ, ಸಮ ಅಂತ ಅವನ ಮಾತು. ಮಗ ನಕ್ಕು ಸುಮ್ಮನಾದರು. ನನಗೆ ಮಹಾಯಾಜಕ ಆಗುವುದೇನೂ ಬೇಡ, ಆದರೆ ಒಂದೇ ಪುಟದಲ್ಲಿ ಎರಡೂ ಮಾತು ಇಟ್ಟುಕೊಂಡಿರುವುದು ಇಷ್ಟ ಆಯಿತು.

ಪಾಠ ಟೇಬಲ್ ಮೇಲೆ ನಿಲ್ಲುವುದಿಲ್ಲ, ನೇರ ಅಡುಗೆಮನೆಗೆ ಬರುತ್ತದೆ. ಅಲ್ಲಿ ಎರಡು ಸಿಂಕ್, ಎರಡು ಸೆಟ್ ಪಾತ್ರೆ, ಮಾಂಸದ್ದಕ್ಕೆ ಕೆಂಪು ಗುರುತು, ಹಾಲಿನದ್ದಕ್ಕೆ ನೀಲಿ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಅನ್ನುವ ಒಂದೇ ವಾಕ್ಯದಿಂದ ಇದೆಲ್ಲ. ಆ ವಾಕ್ಯ ತೋರಾದಲ್ಲಿ ಮೂರು ಸಲ ಬರುತ್ತದೆ. ಸುಮ್ಮನೆ ಮೂರು ಸಲ ಹೇಳುತ್ತಾರಾ? ಹಾಗಾಗಿ ಒಂದು ಬೇಯಿಸುವುದಕ್ಕೆ, ಒಂದು ತಿನ್ನುವುದಕ್ಕೆ, ಒಂದು ಅದರಿಂದ ಯಾವ ಲಾಭವನ್ನೂ ಪಡೆಯುವುದಕ್ಕೆ ನಿಷೇಧ ಅಂತ ಅರ್ಥ ಮಾಡಿಕೊಂಡರು. ಮಾಂಸ ತಿಂದು ಆರು ಗಂಟೆ ಆದ ಮೇಲೇ ಇವರ ಮನೆಯಲ್ಲಿ ಕಾಫಿಗೆ ಹಾಲು. ಮೀನಿಗೆ ರೆಕ್ಕೆ ಮತ್ತು ಪೊರೆ ಎರಡೂ ಇರಬೇಕು, ಅದು ಯಾಜಕಕಾಂಡ 11ರಲ್ಲಿದೆ. ಅಂದರೆ ಬಂಗುಡೆ ಆಯಿತು, ಅಂಜಲ್ ಆಯಿತು. ಸಿಗಡಿ, ಏಡಿ, ಮರುವಾಯಿ, ಬೊಂಡಾಸ್ ಎಲ್ಲ ಮರೆತುಬಿಡಬೇಕು. ಉಡುಪಿಯವಳಿಗೆ ಇದಕ್ಕಿಂತ ದೊಡ್ಡ ಉಪವಾಸ ಇಲ್ಲ.

ಕೋರಿ ಗಸಿ ಮಾಡಿದ ದಿನದ ಕಥೆ ಹೇಳಲೇಬೇಕು. ಕೋಳಿ, ತೆಂಗಿನ ಹಾಲು. ತೆಂಗಿನ ಹಾಲು ಹಾಲಲ್ಲ, ಕಾನೂನಿನ ಪ್ರಕಾರ ತೊಂದರೆ ಇಲ್ಲ. ಆದರೆ ಬೆಳ್ಳಗೆ ಕಂಡರೆ ನೋಡಿದವರು ಏನಂದುಕೊಳ್ಳುತ್ತಾರೆ? ಹಿಂದೆ ಯುರೋಪಿನಲ್ಲಿ ಬಾದಾಮಿ ಹಾಲಿನಲ್ಲಿ ಮಾಂಸ ಬೇಯಿಸುವಾಗ ಇದೇ ಪ್ರಶ್ನೆ ಬಂದು, ನೋಡಿದವರಿಗೆ ಸಂಶಯ ಬಾರದ ಹಾಗೆ ಪಕ್ಕದಲ್ಲಿ ನಾಲ್ಕು ಬಾದಾಮಿ ಇಡಿ ಅಂತ ಬರೆದಿಟ್ಟಿದ್ದಾರೆ. ಸಾವ್ತಾಗೆ ಅದು ನೆನಪಾಗಿ, ಗಸಿಯ ಬಟ್ಟಲಿನ ಪಕ್ಕ ಒಂದು ತೆಂಗಿನ ಹೋಳು ಇಡಿಸಿದರು. ಮಗ ಬಂದವರು ಆ ಹೋಳನ್ನೇ ಮೊದಲು ತಿಂದರು.

ಎಲ್ಲವೂ ಇಷ್ಟು ಸಿಹಿಯಾಗಿಲ್ಲ. ಒಲೆ ಹಚ್ಚುವುದು ಸಾವ್ತಾ ಅವರೇ. ಯೆಹೂದಿ ಅಲ್ಲದವರು ಪೂರ್ತಿ ತಾವೇ ಬೇಯಿಸಿದ ಅಡುಗೆಯನ್ನು ಯೆಹೂದಿಗಳು ತಿನ್ನಬಾರದು, ಬೆಂಕಿ ಹಚ್ಚುವುದಾದರೂ ಯೆಹೂದಿಯ ಕೈಯಿಂದ ಆಗಬೇಕು ಅಂತ ಇವರ ಅಶ್ಕೆನಾಜಿ, ಅಂದರೆ ಯುರೋಪಿನ ಯೆಹೂದಿಗಳ, ಸಂಪ್ರದಾಯ. ಸ್ಪೇನ್ ಮೂಲದ ಸೆಫಾರ್ದಿಗಳು ಇನ್ನೂ ಬಿಗಿ. ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ಬಂದು ಗ್ಯಾಸ್ ಗುಂಡಿ ತಿರುಗಿಸಿ ಹೋಗುತ್ತಾರೆ, ಮಿಕ್ಕಿದ್ದೆಲ್ಲ ನನ್ನದು. ಅದು ನನಗೆ ಏನೂ ಅನ್ನಿಸುವುದಿಲ್ಲ. ಆದರೆ ದ್ರಾಕ್ಷಾರಸದ ನಿಯಮ ಬೇರೆ. ತೆರೆದ ಬಾಟಲಿ ನಾನು ಮುಟ್ಟಿ ಸುರಿದರೆ ಅವರು ಅದನ್ನು ಕುಡಿಯುವ ಹಾಗಿಲ್ಲ. ಇದು ಗೊತ್ತಾದ ದಿನ ನನಗೆ ನಮ್ಮ ಅಜ್ಜಿ ಹೇಳುತ್ತಿದ್ದ ಬಾವಿ ನೆನಪಾಯಿತು, ನಮ್ಮ ಹಿರಿಯರು ಯಾವ ಬಾವಿ ಹತ್ತಿರ ಹೋಗುವ ಹಾಗಿರಲಿಲ್ಲ, ಯಾಕೆ ಬಾಸೆಲ್ ಮಿಶನ್ ಬಾಗಿಲು ತಟ್ಟಿದರು ಅಂತ. ಮಗ ತಾಳ್ಮೆಯಿಂದ ವಿವರಿಸಿದರು. ಹಳೆಯ ಕಾಲದಲ್ಲಿ ಅನ್ಯರು ವಿಗ್ರಹಗಳಿಗೆ ದ್ರಾಕ್ಷಾರಸ ಸುರಿಯುತ್ತಿದ್ದರು, ಅದಕ್ಕೆ ಬಂದ ನಿಯಮ, ಆಮೇಲೆ ಒಟ್ಟಿಗೆ ಕುಡಿದರೆ ಮಕ್ಕಳ ಮದುವೆವರೆಗೂ ಹೋಗಬಹುದು ಅನ್ನುವ ಹೆದರಿಕೆಯೂ ಸೇರಿತು. ಕಾರಣ ತಿಳಿಯಿತು, ಚುಚ್ಚಿದ್ದು ಹೋಗಲಿಲ್ಲ, ಈಗಲೂ ಈ ನಿಯಮ ನನಗೆ ಇಷ್ಟ ಇಲ್ಲ. ಸಾವ್ತಾ ಏನೂ ವಿವರಿಸಲಿಲ್ಲ. ಕುದಿಸಿದ ದ್ರಾಕ್ಷಾರಸಕ್ಕೆ ಈ ನಿಯಮ ಬರುವುದಿಲ್ಲ, ಬಾಟಲಿ ಮೇಲೆ ಮೆವುಶಾಲ್ ಅಂತ ಬರೆದಿರುತ್ತದೆ. ಅಲ್ಲಿಂದ ಮುಂದೆ ಮನೆಗೆ ಅದೇ ಬರಬೇಕು ಅಂತ ಅಂಗಡಿಗೆ ಫೋನ್ ಮಾಡಿ ಹೇಳಿದರು. ರುಚಿ ಸ್ವಲ್ಪ ಕಡಿಮೆ ಅಂತ ಮಗನ ದೂರು. ಆಗಲಿ ಬಿಡಿ.

ಶುಕ್ರವಾರ ಅಂದರೆ ಓಟ, ಸಂಜೆಯಿಂದ ಶಬ್ಬಾತ್, ಅಂದರೆ ಶನಿವಾರ ರಾತ್ರಿವರೆಗಿನ ವಿಶ್ರಾಂತಿಯ ದಿನ, ಶುರು. ಸೂರ್ಯ ಮುಳುಗುವ 40 ನಿಮಿಷ ಮೊದಲು ಜೆರುಸಲೇಮಿನಲ್ಲಿ ದೀಪ ಹಚ್ಚಬೇಕು, ಬೇರೆ ಊರುಗಳಲ್ಲಿ ಸಾಮಾನ್ಯವಾಗಿ 18 ನಿಮಿಷ. ಅಷ್ಟರೊಳಗೆ ಬಿಸಿ ತಟ್ಟೆ ಮೇಲೆ ರಾತ್ರಿಯಿಡೀ ಬೇಯುವ ಹಮಿನ್ ಸಾರಿನ ಪಾತ್ರೆ ಕೂರಬೇಕು, ನೀರಿನ ಬಾಯ್ಲರ್ ತುಂಬಬೇಕು, ಫ್ರಿಜ್ಜಿನ ದೀಪ ಆರಿಸಬೇಕು, ಟಾಯ್ಲೆಟ್ ಕಾಗದ ಮೊದಲೇ ಹರಿದಿಡಬೇಕು. ಶಬ್ಬಾತ್‌ನಲ್ಲಿ ಮಾಡಬಾರದ ಕೆಲಸ 39 ಬಗೆ. ಇದನ್ನು ಎಲ್ಲಿಂದ ತಂದರು ಗೊತ್ತಾ? ವಿಮೋಚನಕಾಂಡ 35ರಲ್ಲಿ ಮೋಶೆ ಮೊದಲು ಶಬ್ಬಾತ್ ಆಚರಿಸಿ ಅನ್ನುತ್ತಾನೆ, ಅದರ ಬೆನ್ನಿಗೇ ದೇವದರ್ಶನದ ಗುಡಾರ ಕಟ್ಟುವ ವಿಷಯ. ಎರಡು ಮಾತು ಪಕ್ಕ ಪಕ್ಕ ಇದ್ದರೆ ಸಂಬಂಧ ಇರಲೇಬೇಕು ಅಂತ ಇವರ ಓದುವ ಕ್ರಮ. ಹಾಗಾಗಿ ಗುಡಾರ ಕಟ್ಟಲು ಬೇಕಾದ ಕೆಲಸಗಳೇ ಶಬ್ಬಾತ್‌ನಲ್ಲಿ ಬಿಡಬೇಕಾದ ಕೆಲಸಗಳು. ಬಣ್ಣ ಹಾಕುವುದು, ಹೊಲಿಯುವುದು, ಎರಡು ಅಕ್ಷರ ಬರೆಯುವುದು, ಬೆಂಕಿ ಹಚ್ಚುವುದು, ಬೇಡದ್ದನ್ನು ಆರಿಸಿ ತೆಗೆಯುವುದು. ಆರಿಸುವ ನಿಯಮದಿಂದ ಮೀನಿನ ಮುಳ್ಳು ತೆಗೆಯುವುದೇ ತಕರಾರು, ಮುಳ್ಳಿಲ್ಲದ ಗೆಫಿಲ್ಟೆ ಫಿಶ್ (ಅರೆದ ಮೀನಿನ ಉಂಡೆ) ಶಬ್ಬಾತ್ ಊಟಕ್ಕೆ ಹೊಂದಿಕೊಂಡಿದ್ದು ಅದರಿಂದ ಅಂತ ಹೇಳುತ್ತಾರೆ. ನಮ್ಮ ನಾಲಿಗೆಗೆ ಅದು ಸಪ್ಪೆ, ಅದರ ಬಗ್ಗೆ ಇಷ್ಟು ಸಾಕು.

ನನ್ನಂಥವರಿಗೆ ಇದರಲ್ಲಿ ವಿಚಿತ್ರ ಜಾಗ. ದೀಪ ಹಾಕು ಅಂತ ಅವರು ನನಗೆ ನೇರ ಹೇಳುವ ಹಾಗಿಲ್ಲ. ನನಗೆ ಬೇಕು ಅಂತ ನಾನು ಹಾಕಿಕೊಂಡರೆ ಅವರೂ ಆ ಬೆಳಕಿನಲ್ಲಿ ಕೂರಬಹುದು. "ಬಾತ್‌ರೂಮಲ್ಲಿ ಕತ್ತಲೆ ಅಲ್ವಾ ಇವತ್ತು" ಅಂತ ಸಾವ್ತಾ ಗೋಡೆಗೆ ಹೇಳುತ್ತಾರೆ, ನನಗೂ ಅಲ್ಲಿ ಏನೋ ಕೆಲಸ ನೆನಪಾಗುತ್ತದೆ. ಆರೋಗ್ಯದ ವಿಷಯ ಬಂದರೆ ಈ ಸುತ್ತು ಬಳಸು ಏನೂ ಇಲ್ಲ. ಕಾಯಿಲೆಯವರಿಗಾಗಿ ನೇರವಾಗಿ ಹೇಳಬಹುದು. ಜೀವಕ್ಕೆ ಅಪಾಯ ಅಂದರೆ ಯೆಹೂದಿಗಳೇ ಶಬ್ಬಾತ್ ಮುರಿಯಬೇಕು, ಮುರಿಯಬಹುದು ಅಂತಲ್ಲ, ಮುರಿಯಲೇಬೇಕು. ಒಂದು ಶುಕ್ರವಾರ ರಾತ್ರಿ ಸಾವ್ತಾಗೆ ಎದೆ ನೋವು ಬಂದಾಗ ಪಕ್ಕದ ಮನೆಯ ರಬ್ಬಿ ತಾವೇ ಫೋನ್ ಎತ್ತಿ ಆಂಬುಲೆನ್ಸ್ ಕರೆದರು. ನಾನು ಅಲ್ಲೇ ಇದ್ದೆ, ನಾನು ಮಾಡಬಹುದಿತ್ತು, ಅವರು ಕಾಯಲಿಲ್ಲ.

ಯಾಜಕಕಾಂಡ ಬರುವ ವಸಂತದ ವಾರಗಳಲ್ಲಿ ಎಲ್ಲರೂ ಸ್ವಲ್ಪ ಮುಖ ಗಂಟಿಕ್ಕಿಕೊಳ್ಳುತ್ತಾರೆ. ಬಲಿ, ರಕ್ತ, ಚರ್ಮರೋಗ. ತಜ್ರಿಯಾ, ಮೆತ್ಸೋರಾ ಪರಶಾದ ವಾರ ಹುಟ್ಟಿದ ಹುಡುಗನಿಗೆ 13ನೇ ವರ್ಷಕ್ಕೆ ಬಿಳಿ ಮಚ್ಚೆ, ಕೂದಲಿನ ಬಣ್ಣದ ಬಗ್ಗೆ ಓದುವ ಭಾಗ್ಯ. ನಾನು ನರ್ಸಿಂಗ್ ಓದಿದವಳು, ನನಗೆ ಅದೇ ಇಷ್ಟದ ಭಾಗ. ಯಾಜಕ ಮಚ್ಚೆ ನೋಡುತ್ತಾನೆ, ಖಚಿತ ಇಲ್ಲ ಅಂದರೆ ಏಳು ದಿನ ಬೇರೆ ಇಟ್ಟು ಮತ್ತೆ ನೋಡುತ್ತಾನೆ, ಮತ್ತೆ ಏಳು ದಿನ. ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಾವ್ತಾ ನನ್ನನ್ನು ತಡೆದರು, ಇದನ್ನು ವೈದ್ಯಶಾಸ್ತ್ರ ಅಂತ ಓದಬೇಡ, ರಶಿ ನೋಡು ಅಂದರು. ಮದುವೆಯಾದ ಹೊಸ ಗಂಡಿನ ಮೈಮೇಲೆ ಮಚ್ಚೆ ಕಂಡರೆ ಏಳು ದಿನದ ಮದುವೆ ಊಟ ಮುಗಿಯುವವರೆಗೆ ಯಾಜಕ ನೋಡುವುದಿಲ್ಲ. ಗೋಡೆಯಲ್ಲಿ ಮಚ್ಚೆ ಕಂಡರೆ, ಯಾಜಕ ಒಳಗೆ ಬರುವ ಮೊದಲು ಮನೆ ಖಾಲಿ ಮಾಡಿಸುತ್ತಾನೆ, ಯಾಕೆಂದರೆ ಅವನು ಅಶುದ್ಧ ಅಂತ ಹೇಳಿದ ಕ್ಷಣ ಒಳಗಿರುವುದೆಲ್ಲ ಅಶುದ್ಧ. ಮರದ, ಲೋಹದ ಪಾತ್ರೆ ನೀರಲ್ಲಿ ಮುಳುಗಿಸಿದರೆ ಶುದ್ಧವಾಗುತ್ತದೆ, ಮಣ್ಣಿನ ಗಡಿಗೆ ಒಡೆಯಲೇಬೇಕು. ಅಂದರೆ ತೋರಾ ಇಷ್ಟು ತಲೆಕೆಡಿಸಿಕೊಂಡದ್ದು ಬಡವರ ಮನೆಯ ಮಣ್ಣಿನ ಗಡಿಗೆಗಾಗಿ. ಸೋಂಕು ರೋಗದ ನಿಯಮ ಆಗಿದ್ದರೆ ಮದುವೆ ಗಂಡನ್ನು ಏಳು ದಿನ ಊಟದ ಸಾಲಿನಲ್ಲಿ ಕೂರಿಸುತ್ತಿದ್ದರಾ ಅಂತ ಸಾವ್ತಾ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರಿಗೆ ಉತ್ತರ ಸಿಗದ ಹಾಗೆ ನಾನು ಮಾಡಿದ್ದು ಪಿನ್ಹಾಸ್ ಪರಶಾದ ವಾರ, ಜುಲೈ ಸೆಕೆಯಲ್ಲಿ. ಚಲ್ಪಹಾದನಿಗೆ ಗಂಡು ಮಕ್ಕಳಿಲ್ಲ, ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಅಂತ ಐದು ಹೆಣ್ಣು ಮಕ್ಕಳು. ಮೋಶೆಯ ಮುಂದೆ, ಇಡೀ ಸಭೆಯ ಮುಂದೆ ನಿಂತು ಅಪ್ಪನ ಪಾಲಿನ ಭೂಮಿ ನಮಗೆ ಕೊಡಿ ಅಂತ ಕೇಳುತ್ತಾರೆ. ರಶಿ ಅವರ ವಾದವನ್ನು ಬಿಡಿಸಿ ಹೇಳುತ್ತಾನೆ. ನಾವು ಅಪ್ಪನ ಸಂತಾನ ಅಂತ ಲೆಕ್ಕವಾದರೆ ಪಾಲು ಕೊಡಿ, ಸಂತಾನ ಅಲ್ಲ ಅಂದರೆ ಮಕ್ಕಳಿಲ್ಲದೆ ಸತ್ತವನ ಹೆಂಡತಿ ಅಂತ ನಮ್ಮ ಅಮ್ಮನನ್ನು ಚಿಕ್ಕಪ್ಪನಿಗೆ ಮದುವೆ ಮಾಡಿ. ಎರಡರಲ್ಲಿ ಒಂದು ಆಗಬೇಕಲ್ಲ! ಮೋಶೆಗೆ ಗೊತ್ತಾಗದೆ ದೇವರನ್ನು ಕೇಳುತ್ತಾನೆ, ಅವರು ಹೇಳುವುದು ಸರಿ ಅಂತ ದೇವರು ಹೇಳುತ್ತಾನೆ. ಮೋಶೆಯ ಕಣ್ಣು ನೋಡದ್ದನ್ನು ಅವರ ಕಣ್ಣು ನೋಡಿತು ಅಂತ ರಶಿ. ಸಾವ್ತಾಗೆ ಇದು ಪ್ರಾಣ. ನಾನು ಆಗ ಅಳಿಯಸಂತಾನದ ಬಗ್ಗೆ ಹೇಳಿದೆ. ಮಿಶನ್ ಸೇರುವ ಮೊದಲು ನಮ್ಮ ಹಿರಿಯರು ಬಿಲ್ಲವರು, ತುಳುನಾಡಿನಲ್ಲಿ ಬಿಲ್ಲವರಿಗೂ ಬಂಟರಿಗೂ ಮನೆ, ಬಳಿ (ವಂಶ), ಆಸ್ತಿ ಎಲ್ಲ ತಾಯಿಯ ಕಡೆಯಿಂದ, ಅಲ್ಲಿ ಹೆಣ್ಣು ಮಕ್ಕಳು ಯಾರ ಮುಂದೆಯೂ ನಿಂತು ಕೇಳಬೇಕಾಗಿರಲಿಲ್ಲ ಅಂದೆ. ಸಾವ್ತಾ ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಕೇಳಿದರು, "ಸರಿ, ಆದರೆ ಭೂಮಿ ಮಾರಬೇಕಾ ಬೇಡವಾ ಅಂತ ಹೇಳುತ್ತಿದ್ದವರು ಯಾರು?" ಸೋದರಮಾವ, ಅಂತ ಹೇಳಬೇಕಾಯಿತು. ಅವರಿಗೆ ಸಮಾಧಾನ. ತೋರಾದಲ್ಲೂ ಕೆಲವೇ ಅಧ್ಯಾಯ ಆದ ಮೇಲೆ ಕುಲದ ಗಂಡಸರು ಬಂದು, ಈ ಹುಡುಗಿಯರು ಬೇರೆ ಕುಲಕ್ಕೆ ಮದುವೆಯಾದರೆ ನಮ್ಮ ಭೂಮಿ ಹೋಗುತ್ತದೆ ಅಂತ ತಕರಾರು ತೆಗೆದು, ತಮ್ಮ ಕುಲದಲ್ಲೇ ಮದುವೆಯಾಗಬೇಕು ಅಂತ ಆದೇಶ ತರುತ್ತಾರೆ.

ಇನ್ನೊಬ್ಬ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ, ಶುಕ್ರವಾರ ಬೆಳಿಗ್ಗೆ ಫೋನ್. ಮಾತು ಶುರುವಾಗುವುದೇ ಪರಶಾದಿಂದ. ಆದರೆ ಕೆಲವು ವರ್ಷ ಇಬ್ಬರೂ ಬೇರೆ ಬೇರೆ ಪುಟದಲ್ಲಿ ಇರುತ್ತಾರೆ. ಪೆಸಹ ಹಬ್ಬ ಇಸ್ರೇಲಿನಲ್ಲಿ ಏಳು ದಿನ, ಹೊರದೇಶದ ಯೆಹೂದಿಗಳಿಗೆ ಎಂಟು. ಆ ಎಂಟನೆಯ ದಿನ ಶನಿವಾರ ಬಿದ್ದರೆ ಅವರು ಹಬ್ಬದ ಓದು ಓದುತ್ತಾರೆ, ಇಲ್ಲಿಯವರು ಮುಂದಿನ ಪರಶಾಕ್ಕೆ ಹೋಗಿಬಿಡುತ್ತಾರೆ. 2022ರಲ್ಲಿ ಹಾಗಾಗಿ ಏಪ್ರಿಲ್‌ನಿಂದ ಜುಲೈ ಕೊನೆಯವರೆಗೆ ಜಗತ್ತಿನ ಯೆಹೂದಿಗಳು ಒಂದು ವಾರ ಹಿಂದೆ ಮುಂದೆ ಇದ್ದರು, ಹೊರದೇಶದವರು ಎರಡು ಪರಶಾ ಸೇರಿಸಿ ಓದಿದ ಮೇಲೆ ಸರಿಹೋಯಿತು. ಅಂಥ ತಿಂಗಳುಗಳಲ್ಲಿ ಮಗ ಏನು ಹೇಳಿದರೂ ಸಾವ್ತಾ "ಅದು ಹೋದ ವಾರದ್ದು" ಅನ್ನುತ್ತಾರೆ. ಅವರಿಗೆ ಅದರಲ್ಲಿ ಬಹಳ ಖುಷಿ.

ವರ್ಷಕ್ಕೊಮ್ಮೆ ಮುಗಿಸುವ ಈ ಕ್ರಮ ಬಾಬೆಲಿನ (ಈಗಿನ ಇರಾಕಿನ) ಯೆಹೂದಿಗಳದ್ದು. ಇಸ್ರೇಲಿನ ಹಳೆಯ ಕ್ರಮದಲ್ಲಿ ಮುಗಿಸಲು ಮೂರು ವರ್ಷಕ್ಕೂ ಹೆಚ್ಚು ಬೇಕಾಗುತ್ತಿತ್ತು. 12ನೇ ಶತಮಾನದಲ್ಲಿ ಈಜಿಪ್ಟಿನ ಹಳೆಯ ಕೈರೋದಲ್ಲಿ ಎರಡೂ ಇದ್ದವು, ಒಂದು ಸಿನಗಾಗ್‌ನಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ, ಪ್ರವಾಸಿ ಟುಡೆಲಾದ ಬೆಂಜಮಿನ್ ಇದನ್ನು ಬರೆದಿಟ್ಟಿದ್ದಾನೆ. ಮೂರು ವರ್ಷದವರ ಸಿನಗಾಗ್‌ನ ಹೆಸರು ಬೆನ್ ಎಜ್ರಾ. ನನಗೆ ಆ ಹೆಸರು ಸಿಕ್ಕಿದ್ದು ಕಸದ ವಿಷಯದಲ್ಲಿ. ಇಲ್ಲಿ ಶಬ್ಬಾತ್‌ಗೆ ಮೊದಲು ಪ್ರತಿ ಸಿನಗಾಗ್‌ನಲ್ಲೂ ಪರಶಾದ ಚಿಕ್ಕ ಪತ್ರಿಕೆಗಳ ರಾಶಿ ಬೀಳುತ್ತದೆ, ಅರ್ಧ ವ್ಯಾಖ್ಯಾನ, ಅರ್ಧ ಫ್ಲ್ಯಾಟ್ ಮಾರಾಟದ ಜಾಹೀರಾತು. ಪಕ್ಕದ ಮನೆಯವರು ಸಾವ್ತಾಗಾಗಿ ಒಂದು ಕಟ್ಟು ತಂದುಕೊಡುತ್ತಾರೆ. ಓದಿ ಆದ ಮೇಲೆ ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ, ಪವಿತ್ರ ಮಾತುಗಳಿವೆ. ಅದಕ್ಕೆ ಬೇರೆ ಡಬ್ಬ, ಗೆನಿಜಾ, ಅಲ್ಲಿ ಸೇರಿದ್ದನ್ನು ಆಮೇಲೆ ಹೂಳುತ್ತಾರೆ. ಬೆನ್ ಎಜ್ರಾದವರು ಹೂಳದೆ ಒಂದು ಕೋಣೆಯಲ್ಲಿ ತುಂಬಿಸುತ್ತಾ ಹೋದರು, ಪ್ರಾರ್ಥನೆ ಪುಸ್ತಕದ ಜೊತೆ ಮದುವೆ ಪತ್ರ, ವ್ಯಾಪಾರದ ಲೆಕ್ಕ, ಮನೆ ಜಗಳದ ಕಾಗದ, ಎಲ್ಲ. 1890ರ ದಶಕದ ಕೊನೆಗೆ ಸೊಲೊಮನ್ ಶೆಕ್ಟರ್ ಅನ್ನುವ ವಿದ್ವಾಂಸ ಅದರಲ್ಲಿ ಬಹುಪಾಲು ಕೇಂಬ್ರಿಜ್‌ಗೆ ಸಾಗಿಸಿದ.

ಅದರೊಳಗೆ ಮಂಗಳೂರಿದೆ. ಟ್ಯುನೀಶಿಯಾದ ಮಹ್ದಿಯಾದಿಂದ ಬಂದ ಅಬ್ರಹಾಮ್ ಬೆನ್ ಯಿಜು ಅನ್ನುವ ಯೆಹೂದಿ ವ್ಯಾಪಾರಿ 1132ರಲ್ಲಿ ಮಂಗಳೂರಿನಲ್ಲಿದ್ದ, ನಮ್ಮ ಕರಾವಳಿಯಲ್ಲಿ 1149ರವರೆಗೆ ಬಹುಕಾಲ ಕಳೆದ. ಕಂಚಿನ ಪಾತ್ರೆ ಮಾಡಿಸುತ್ತಿದ್ದ, ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅಲ್ಲೇ ಅಶು ಅನ್ನುವ ದಾಸಿಯನ್ನು 1132ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ ಪತ್ರ ಉಳಿದಿದೆ, ಅವನ ಮಕ್ಕಳ ತಾಯಿ ಅವಳೇ ಅಂತ ವಿದ್ವಾಂಸರು ಹೇಳುತ್ತಾರೆ. ಬೊಮ್ಮ ಅನ್ನುವ ಆಳು ಅವನ ಪರವಾಗಿ ಯೆಮನ್ನಿನ ಏಡನ್‌ಗೆ ಹಡಗಿನಲ್ಲಿ ಹೋಗಿಬರುತ್ತಿದ್ದ. ಏಡನ್‌ನ ಗೆಳೆಯರು ಬೆನ್ ಯಿಜುಗೆ ಸಕ್ಕರೆ, ಒಣದ್ರಾಕ್ಷಿ ಜೊತೆಗೆ ಬರೆಯುವ ಕಾಗದವನ್ನೂ ಕಳಿಸುತ್ತಿದ್ದರು, ಕಾಗದ ಅಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಬಂದ ಪತ್ರದ ಖಾಲಿ ಜಾಗದಲ್ಲೇ ಅವನು ಲೆಕ್ಕ ಬರೆದಿದ್ದಾನೆ.

ಇದನ್ನು ನಾನು ಸಾವ್ತಾಗೆ ಹೇಳಿದಾಗ ಅವರು ಮೊದಲು ನಂಬಲಿಲ್ಲ. ಮಂಗಳೂರು ಅಂದರೆ ನಾನು ವಿಮಾನ ಹತ್ತಿದ ಊರು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಮೊಮ್ಮಗನಿಗೆ ಫೋನ್ ಹೋಯಿತು, ಸೈನ್ಯ ಮುಗಿಸಿ ಈಗ ಯೂನಿವರ್ಸಿಟಿಯಲ್ಲಿದ್ದಾನೆ. ಬೆನ್ ಯಿಜುವಿನ ಪತ್ರಗಳನ್ನೆಲ್ಲ ಹೀಬ್ರೂವಿಗೆ ತಂದು ಇದೇ ಊರಿನ ಬೆನ್-ಝ್ವಿ ಸಂಸ್ಥೆ ಒಂದು ದಪ್ಪ ಸಂಪುಟ ಮಾಡಿದೆ, ಅದನ್ನು ಲೈಬ್ರರಿಯಿಂದ ತಂದುಕೊಟ್ಟ. ಈಗ ಗುರುವಾರ ಪರಶಾ ಆದ ಮೇಲೆ ಒಂದು ಪತ್ರ. ಅದಕ್ಕೆ ಸ್ವರಚಿಹ್ನೆ ಇಲ್ಲ, ನನಗೆ ಓದುವುದು ಕಷ್ಟ, ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತದೆ. ಸಾವ್ತಾ ಅಲ್ಲೂ ಬಿಡುವುದಿಲ್ಲ, ಈ ಸಾಲಿನಲ್ಲಿ ಏನು ಸರಿ ಇಲ್ಲ ಅಂತ ಕೇಳುತ್ತಾರೆ. ಹೋದ ವಾರ ಅಡಿಕೆ ಲೆಕ್ಕ ಬಂತು. ಅದನ್ನು ಯಾಕೆ ತಿನ್ನುತ್ತಾರೆ, ನುಂಗುತ್ತಾರಾ ಉಗುಳುತ್ತಾರಾ, ಎಲೆ ಯಾವುದು, ಸುಣ್ಣ ಯಾಕೆ, ತಿನ್ನುವ ಮೊದಲು ಯಾವ ಆಶೀರ್ವಾದ ಹೇಳಬೇಕು ಅಂತ ಪ್ರಶ್ನೆ ಮೇಲೆ ಪ್ರಶ್ನೆ, ಪತ್ರ ಮುಂದೆ ಹೋಗಲೇ ಇಲ್ಲ. ನನ್ನ ಮಗಳು ಮುಂದಿನ ತಿಂಗಳು ಊರಿಂದ ಬರುವ ಗೆಳತಿಯ ಕೈಯಲ್ಲಿ ನಾಲ್ಕು ಅಡಿಕೆ ಕಳಿಸುತ್ತಾಳೆ, ಆಶೀರ್ವಾದ ಯಾವುದು ಅಂತ ಅಷ್ಟರೊಳಗೆ ಸಾವ್ತಾ ಮಗ ರಬ್ಬಿಯನ್ನು ಕೇಳಿ ಬರಬೇಕಂತೆ.